ನೀರಿನ ಟೆಸ್ಟ್ ರಿಪೋರ್ಟ್: ಸಹಿ ಹಾಕೋರು ಯಾರು, ಅವರ ಅರ್ಹತೆ ಏನು?

ಹೊಸ ಬೋರ್‌ವೆಲ್‌ನಲ್ಲಿ ನೀರು ಬಿದ್ದಾಗ, ಬೇಕರಿಗೆ ಆಹಾರ ಪರವಾನಗಿ ಮಾಡಿಸುವಾಗ, ಊರಿನ ಶುದ್ಧ ನೀರಿನ ಘಟಕದ ಮೇಲೆ ತಕರಾರು ಬಂದಾಗ ಕೊನೆಗೆ ಬೇಕಾಗುವುದು ಪ್ರಯೋಗಾಲಯದ ಒಂದು ವರದಿ. ಅದರ ಕೆಳಗೆ ವಿಶ್ಲೇಷಕರ ಸಹಿ ಇರುತ್ತೆ. ಆ ಸಹಿ ಹಾಕಿದವರ ಅರ್ಹತೆ ಏನು ಅಂತ ಕೇಳುವವರು ಕಡಿಮೆ.

ಡಾಕ್ಟರ್‌ಗೆ ಮೆಡಿಕಲ್ ಕೌನ್ಸಿಲ್, ವಕೀಲರಿಗೆ ಬಾರ್ ಕೌನ್ಸಿಲ್ ನೋಂದಣಿ ಇದ್ದ ಹಾಗೆ ನೀರು ಪರೀಕ್ಷಿಸುವ ಎಲ್ಲರಿಗೂ ಅನ್ವಯಿಸುವ ವೈಯಕ್ತಿಕ ಲೈಸೆನ್ಸ್ ನಮ್ಮ ದೇಶದಲ್ಲಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಸರ್ಕಾರಿ ವಿಶ್ಲೇಷಕರ ನೇಮಕ ಆಗುತ್ತೆ, ಆದರೆ ಅದು ಆ ಕಾಯ್ದೆಯ ಕೆಲಸಕ್ಕೆ. ಆಹಾರ ವಿಶ್ಲೇಷಕರಿಗೆ ಎಫ್‌ಎಸ್‌ಎಸ್‌ಎಐ ಪರೀಕ್ಷೆ ನಡೆಸುತ್ತದೆ. ಕುಡಿಯುವ ನೀರಿನ ಮಟ್ಟಿಗೆ ಮಾನ್ಯತೆ ಸಿಗುವುದು ವ್ಯಕ್ತಿಗಲ್ಲ, ಪ್ರಯೋಗಾಲಯಕ್ಕೆ. ಅದನ್ನು ಕೊಡುವುದು ಎನ್‌ಎಬಿಎಲ್, ಐಎಸ್‌ಒ/ಐಇಸಿ 17025:2017 ಮಾನದಂಡದ ಆಧಾರದ ಮೇಲೆ.

ಹಾಗಂತ ವಿಶ್ಲೇಷಕರಿಗೆ ಪರೀಕ್ಷೆಯೇ ಇಲ್ಲ ಅಂತಲ್ಲ. ಸಾಮಾನ್ಯವಾಗಿ ರಸಾಯನಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿ ಪಡೆದು ಬಂದವರಿಗೆ ಲ್ಯಾಬ್ ತರಬೇತಿ ಕೊಡಬೇಕು, ಕೆಲಸ ಪರೀಕ್ಷಿಸಬೇಕು, ಆಮೇಲೆ ಇಂಥಾ ಪರೀಕ್ಷೆ ಮಾಡಬಹುದು ಅಂತ ಬರವಣಿಗೆಯಲ್ಲಿ ಅಧಿಕಾರ ಕೊಡಬೇಕು. ಗಡಸುತನ ನೋಡಲು ಬಂದಾಕ್ಷಣ ಬ್ಯಾಕ್ಟೀರಿಯಾ ವರದಿಗೂ ಸಹಿ ಹಾಕುವ ಹಾಗಿಲ್ಲ. ಹೊರಗಿನ ಸಂಸ್ಥೆ ಉತ್ತರ ಹೇಳದೆ ಕಳಿಸುವ ಮಾದರಿಯನ್ನೂ ಪರೀಕ್ಷಿಸಿ ತೋರಿಸಬೇಕು. ಅದರಲ್ಲಿ ಲ್ಯಾಬಿನ ಉತ್ತರ ತೀರಾ ಆಚೀಚೆಯಾದರೆ ಕಾರಣ ಹುಡುಕಿ ಸರಿಪಡಿಸಬೇಕು. ಗೋಡೆಗೆ ಹಾಕಿದ ಕೆಲವೇ ದಿನದ ಕೋರ್ಸ್‌ನ ಸರ್ಟಿಫಿಕೇಟ್‌ಗಿಂತ ಈ ದಾಖಲೆ ದೊಡ್ಡದು.

ಇಷ್ಟೆಲ್ಲ ಯಾಕೆ ಅನ್ನುವುದಕ್ಕೆ ಫ್ಲೋರೈಡ್ ಸಾಕು. ಪಾವಗಡ, ಮುಂಡರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐಎಸ್ 10500:2012ರ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಬಿಡಬಹುದು. ಬಣ್ಣ ನೋಡಿ ಅಳೆಯುವ ವಿಧಾನದಲ್ಲಿ ನೀರಿನ ಕ್ಷಾರೀಯತೆ ಹೆಚ್ಚಿದ್ದರೆ, ಅಲ್ಯೂಮಿನಿಯಂ ಇದ್ದರೆ ಅಂಕಿ ತಪ್ಪಾಗಿ ಬರುತ್ತೆ. ಅದನ್ನು ಗಮನಿಸದ ಕೈಯಲ್ಲಿ 1.7 ಇದ್ದದ್ದು 1.3 ಅಂತ ಬರೆದುಹೋದರೆ, ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುವವರೆಗೂ ಮನೆಯವರು ಅದೇ ನೀರು ಕುಡಿಯುತ್ತಾರೆ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತೆ. ಫಿಲ್ಟರ್ ಮಾರಲು ಬಂದವರ ಟಿಡಿಎಸ್ ಮೀಟರ್‌ನಲ್ಲಿ ಫ್ಲೋರೈಡೂ ಕಾಣಲ್ಲ, ಬ್ಯಾಕ್ಟೀರಿಯಾನೂ ಕಾಣಲ್ಲ.

ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಎನ್‌ಎಬಿಎಲ್ ಚಿಹ್ನೆ ಮತ್ತು ಸರ್ಟಿಫಿಕೇಟ್ ನಂಬರ್. ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲಿ ಲ್ಯಾಬಿನ ಹೆಸರು ಹಾಕಿದರೆ ಮಾನ್ಯತೆ ಚಾಲ್ತಿಯಲ್ಲಿದೆಯಾ, ಯಾವ ಯಾವ ಪರೀಕ್ಷೆಗೆ ಇದೆ ಅಂತ ಗೊತ್ತಾಗುತ್ತೆ. ಈ ಎರಡನೆಯದರಲ್ಲೇ ಜನ ಎಡವುವುದು. ಲ್ಯಾಬಿಗೆ ಮಾನ್ಯತೆ ಇದ್ದರೂ ತಮಗೆ ಬೇಕಾದ ಪರೀಕ್ಷೆ ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಇನ್ನೊಂದು ಮಾತು: ಕೋಲಿಫಾರ್ಮ್ ಬೆಳೆಯಲು ಬಿಡಬೇಕು, ಹಳೇ ಟ್ಯೂಬ್ ವಿಧಾನದಲ್ಲಿ ಒಂದೆರಡು ದಿನವೇ ಹಿಡಿಯುತ್ತೆ. ಬೆಳಿಗ್ಗೆ ಕೊಟ್ಟ ನೀರಿಗೆ ಸಂಜೆಯೇ ‘ಬ್ಯಾಕ್ಟೀರಿಯಾ ಇಲ್ಲ’ ಅಂತ ಬಂದರೆ ಯಾವ ವಿಧಾನ ಅಂತ ಕೇಳಲೇಬೇಕು.

ಇತ್ತ ವಿಶ್ಲೇಷಕರು ಎಷ್ಟೇ ನಿಪುಣರಾದರೂ ಬಾಟಲಿ ಸರಿಯಿಲ್ಲದಿದ್ದರೆ ಕೆಲಸ ಕೆಟ್ಟಂತೆಯೇ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು. ಒಳಗೆ ಪುಡಿ ಇದ್ದರೆ ಅದು ಕ್ಲೋರಿನ್ ಅಡಗಿಸಲು ಹಾಕಿದ್ದು, ತೊಳೆದು ಹಾಕಬಾರದು. ಐಸ್ ಇಟ್ಟ ಡಬ್ಬದಲ್ಲಿ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸಬೇಕು. ಫ್ಲೋರೈಡ್‌ಗೆ ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿ. ಗ್ರಾಹಕರೇ ತಂದುಕೊಟ್ಟ ನೀರಾದರೆ ಫಲಿತಾಂಶ ಆ ಬಾಟಲಿಗೆ ಮಾತ್ರ ಅಂತ ವರದಿಯಲ್ಲೇ ಬರೆದಿರುತ್ತೆ. ಪರವಾನಗಿಗೆ ಕೊಡುವವರು ಆ ಸಾಲನ್ನು ಓದಿಕೊಂಡು, ಲ್ಯಾಬ್ ಸಿಬ್ಬಂದಿಯೇ ಬಂದು ಮಾದರಿ ತೆಗೆಯಬೇಕಾ ಅಂತ ಮೊದಲೇ ವಿಚಾರಿಸುವುದು ಒಳ್ಳೆಯದು.

ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ ಅಡಿ ತರಬೇತಿ ಪಡೆದ ಮಹಿಳೆಯರು ಕಿಟ್‌ನಿಂದ ಮಾಡುವ ಪರೀಕ್ಷೆ ಮೊದಲ ಸುಳಿವಿಗೆ ಸಾಕು. ಅಲ್ಲಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಸಾರ್ವಜನಿಕರೂ ಅಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಬಾಟಲಿ ಮತ್ತು ಮಾದರಿ ಪಡೆಯುವ ದಿನದ ವಿಷಯ ಮುಂಚೆಯೇ ಕೇಳಿಕೊಂಡು ಹೋಗಬೇಕು.