ಆಸ್ಪತ್ರೆಯ ಕಾಗದದ ಮೇಲೆ ಯಾರ ಸಹಿ?

ಬ್ಯಾಂಕಿನಲ್ಲಿ ಗಂಡನೊಬ್ಬನ ಹೆಸರಲ್ಲೇ ಖಾತೆ ಇದ್ದರೆ, ಅಧಿಕಾರಪತ್ರ ಇಲ್ಲದೆ ಹೆಂಡತಿ ನೂರು ರೂಪಾಯಿ ಕೂಡ ತೆಗೆಯುವಂತಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವನ ಹೊಟ್ಟೆ ಕೊಯ್ಯುವುದಕ್ಕೆ ಅವಳ ಸಹಿ ಸಾಕು ಅಂತ ನಾವೆಲ್ಲ ನಂಬಿದ್ದೇವೆ. ನಿಜವಾಗಿ ಸಾಕೇ?

ಈ ಕಥೆಯ ಒಂದು ಎಳೆ ನಮ್ಮ ಚೆನ್ನೈಗೇ ಬರುತ್ತದೆ. 1834ರ ಜೂನ್‌ನಲ್ಲಿ ಮೆಕಾಲೆ ಹಡಗಿಳಿದದ್ದು ಮದ್ರಾಸಿನಲ್ಲಿ. ಇಲ್ಲಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿಗೆ ಹೋದ. ಅವನ ಆಯೋಗ 1837ರಲ್ಲಿ ಕರಡು ಮುಗಿಸಿದ ದಂಡಸಂಹಿತೆ 1860ರಲ್ಲಿ ಕಾನೂನಾಯಿತು. ಅದರ 92ನೇ ಕಲಮಿನಲ್ಲಿ ಒಂದು ಸೊಗಸಾದ ಉದಾಹರಣೆ ಇದೆ. ಒಬ್ಬ ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದ್ದಾನೆ, ತಲೆಬುರುಡೆ ಕೊರೆಯಲೇಬೇಕು. ಅವನ ಒಳ್ಳೆಯದಕ್ಕೆಂದು, ಅವನಿಗೆ ಎಚ್ಚರವಾಗುವ ಮುಂಚೆಯೇ ಕೊರೆದ ವೈದ್ಯ ಅಪರಾಧಿಯಲ್ಲ. ಆದರೆ ಷರತ್ತು ಉಂಟು: ರೋಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಬಾರದು, ಅವನ ಪರವಾಗಿ ಕೊಡಬಲ್ಲ ಪಾಲಕರೂ ಸಮಯಕ್ಕೆ ಸಿಗುವಂತಿರಬಾರದು. 2024ರ ಜುಲೈ 1ರಿಂದ ಇದೇ ನಿಯಮ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ.

ಹಾಗಾದರೆ ತುರ್ತು ಇಲ್ಲದಿದ್ದಾಗ? 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಉತ್ತರ ಕೊಟ್ಟಿತು. 44 ವರ್ಷದ ಆಕೆ ಒಪ್ಪಿದ್ದು ಮುಖ್ಯವಾಗಿ ಲ್ಯಾಪರೊಸ್ಕೋಪಿ ಪರೀಕ್ಷೆಗೆ. ಅರಿವಳಿಕೆಯಲ್ಲಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಕೋರ್ಟು ಹೇಳಿದ್ದು: ಮಗಳು ವಯಸ್ಕಳು, ಬುದ್ಧಿ ಸರಿಯಿರುವವಳು, ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಅವಳು ಏಳುವ ತನಕ ಕಾಯಬೇಕಿತ್ತು. ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಅಂದರೆ ಮೊದಲು ಕೇಳಬೇಕಾದದ್ದು "ಸಂಬಂಧಿಕರು ಯಾರಿದ್ದಾರೆ?" ಅಂತಲ್ಲ, "ರೋಗಿಗೆ ಹೇಳಿದ್ದು ಅರ್ಥವಾಗುತ್ತಿದೆಯೇ?" ಅಂತ. ಮಾತಾಡಲಾಗದಿದ್ದರೂ ಸನ್ನೆಯಲ್ಲಿ ತಿಳಿಸಬಹುದು. ಮಾನಸಿಕ ಕಾಯಿಲೆಯವರಿಗಾಗಿ ಬಂದ 2017ರ ಕಾಯ್ದೆ ಇದನ್ನೇ ಬರೆದಿಟ್ಟಿದೆ. ಆತನ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಆತನಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ.

ಎಚ್ಚರವೇ ಮರಳದಿದ್ದರೆ? ನಮ್ಮ ಹಳದೀಪುರದ ಅರುಣಾ ಶಾನುಭಾಗರು 1973ರಿಂದ 2015ರವರೆಗೆ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹಾಗೆಯೇ ಮಲಗಿದ್ದರು. ಅವರ ಪರವಾಗಿ ಮಾತಾಡುವ ಹಕ್ಕು ಅರ್ಜಿ ಹಾಕಿದ ಲೇಖಕಿಗಲ್ಲ, ದಿನಾ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಅಂತ 2011ರಲ್ಲಿ ಕೋರ್ಟು ಹೇಳಿತು. 2018ರಲ್ಲಿ, ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಉಯಿಲಿಗೆ ಮಾನ್ಯತೆ ಸಿಕ್ಕಿತು. 2023ರಿಂದ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಆಯಿತು. ನಿಮ್ಮ ಪರವಾಗಿ ಯಾರು ತೀರ್ಮಾನಿಸಬೇಕು ಎಂಬುದನ್ನೂ ಅದರಲ್ಲೇ ಬರೆಯಬಹುದು.

ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ, ನಾವಿಬ್ಬರೇ ಇಲ್ಲಿ, ಎನ್ನುವ ಮನೆಗಳು ಚೆನ್ನೈ ಕನ್ನಡಿಗರಲ್ಲಿ ಬೇಕಾದಷ್ಟಿವೆ. ಫಿಕ್ಸೆಡ್ ಡಿಪಾಸಿಟ್‌ಗೆ ತಪ್ಪದೆ ನಾಮಿನಿ ಬರೆಸುತ್ತೇವೆ. ನಮ್ಮ ಮೈಗೂ ಒಬ್ಬರ ಹೆಸರು ಬರೆದಿಡುವುದು ಒಳ್ಳೆಯದಲ್ಲವೇ?