ಆಸ್ಪತ್ರೆಯ ವೃದ್ಧರೋಗಿಗಳಲ್ಲಿ ಜರಾದೌರ್ಬಲ್ಯ ಮತ್ತು ಅದರ ಅಪಾಯಕಾರಣಗಳು

೧. ಪ್ರಮೇಯ

ಎಂಬತ್ತು ದಾಟಿದ ಇಬ್ಬರು ವೃದ್ಧರು ಒಂದೇ ಬಗೆಯ ಶ್ವಾಸಕೋಶದ ಸೋಂಕಿನಿಂದ ಒಂದೇ ವಾರ್ಡಿಗೆ ಸೇರಿ, ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಪಡೆದು ಜ್ವರಮುಕ್ತರಾದ ತರುವಾಯ, ಒಬ್ಬರು ತಾವೇ ಮೆಟ್ಟಿಲಿಳಿದು ಮನೆಗೆ ಹೋಗುವುದೂ ಇನ್ನೊಬ್ಬರು ಪರಸಹಾಯವಿಲ್ಲದೆ ಬಚ್ಚಲುಮನೆಯವರೆಗೂ ನಡೆಯಲಾರದ ಸ್ಥಿತಿಗಿಳಿಯುವುದೂ ವೃದ್ಧಚಿಕಿತ್ಸೆಯಲ್ಲಿ ತೊಡಗಿದವರಿಗೆಲ್ಲ ಪರಿಚಿತವಾದ ಸಂಗತಿ. ರೋಗವೂ ವಯಸ್ಸೂ ಔಷಧವೂ ಸಮಾನವಾಗಿದ್ದು ಫಲ ಮಾತ್ರ ಭಿನ್ನವಾದರೆ, ಭೇದದ ಕಾರಣವನ್ನು ಈ ಮೂರರ ಹೊರಗೆ ಅರಸಬೇಕಾಗುತ್ತದೆ. ಸ್ನಾಯು, ಹೃದಯ, ಮೂತ್ರಪಿಂಡ, ಮಿದುಳು ಮೊದಲಾದವುಗಳ ಮೀಸಲು ಶಕ್ತಿಯೆಲ್ಲ ಒಟ್ಟಾಗಿ ಕ್ಷೀಣಿಸಿ, ಅಲ್ಪವಾದ ಆಘಾತವೂ ಅಪಾರವಾದ ಹಾನಿಯನ್ನುಂಟುಮಾಡುವ, ಹಾನಿಯಾದ ಮೇಲೆ ಹಿಂದಿನ ನೆಲೆಗೆ ಮರಳುವ ಸಾಮರ್ಥ್ಯವೂ ಕುಂದಿಹೋಗಿರುವ ಸ್ಥಿತಿಯನ್ನು ಈ ಲೇಖನದಲ್ಲಿ ಜರಾದೌರ್ಬಲ್ಯವೆಂದು ವ್ಯವಹರಿಸಲಾಗಿದೆ. ಅದು ಮುಪ್ಪಿನೊಡನೆ ಬೆಳೆಯುವುದಾದರೂ ಎಲ್ಲ ಮುದುಕರಲ್ಲಿಯೂ ಇರತಕ್ಕದ್ದಲ್ಲ; ಅನೇಕ ರೋಗಗಳೊಡನೆ ಬೆರೆತಿರುವುದಾದರೂ ಯಾವುದೊಂದು ರೋಗದ ಹೆಸರಿಗೂ ಒಳಪಡುವುದಿಲ್ಲ; ನಡೆದಾಡುತ್ತ ಮನೆಗೆಲಸ ಮಾಡಿಕೊಂಡಿರುವವರಲ್ಲಿಯೂ ಅದು ಗುಪ್ತವಾಗಿ ನೆಲೆಸಿರಬಲ್ಲದು.

ಅದರ ಅಪಾಯಕಾರಣಗಳನ್ನು ವಯಸ್ಸು, ಲಿಂಗ, ಬಡತನ, ಅಪೌಷ್ಟಿಕತೆ, ಬಹುರೋಗ, ಬಹುವಿಧ ಔಷಧಸೇವನೆ ಎಂದು ಒಂದೇ ಪಂಕ್ತಿಯಲ್ಲಿ ಪಠಿಸುವುದು ರೂಢಿಯಾಗಿದೆ. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯ ವಿಷಯದಲ್ಲಿ ಈ ಪಟ್ಟಿ ಮುಖ್ಯವಾದೊಂದು ವಿವೇಚನೆಯನ್ನು ಮರೆಸಿಬಿಡುತ್ತದೆ. ಈ ಕಾರಣಗಳಲ್ಲಿ ಕೆಲವು ರೋಗಿಯ ಜೀವಮಾನದ ಸಂಚಯ. ಕೆಲವು ಅವನನ್ನು ಆಸ್ಪತ್ರೆಗೆ ತಂದ ಕಾಯಿಲೆಯ ಫಲ. ಮತ್ತೆ ಕೆಲವು ಆಸ್ಪತ್ರೆಯ ವಾಸದಿಂದಲೇ ಉದ್ಭವಿಸುವಂಥವು. ಮೊದಲನೆಯವನ್ನು ವಾರ್ಡಿನ ವೈದ್ಯನು ಅಳಿಸಲಾರನು. ಎರಡನೆಯವುಗಳೊಡನೆ ಹೋರಾಡುವುದೇ ಅವನ ನಿತ್ಯದ ವೃತ್ತಿ. ಮೂರನೆಯವು ಮಾತ್ರ ಬಹುಮಟ್ಟಿಗೆ ಅವನ ಆದೇಶದಿಂದಲೇ ಹುಟ್ಟುವುದರಿಂದ, ಅವನ ಆದೇಶದಿಂದಲೇ ನಿವಾರಣೆಯಾಗಬಲ್ಲವೆಂಬುದು ಇಲ್ಲಿಯ ಪ್ರತಿಪಾದ್ಯ.

೨. ಅಳತೆಯ ಎರಡು ಮಾರ್ಗಗಳು

ಈ ಸ್ಥಿತಿಯನ್ನು ಅಳೆಯುವ ಎರಡು ಮಾರ್ಗಗಳು ಹೆಚ್ಚುಕಡಮೆ ಏಕಕಾಲದಲ್ಲಿ, ೨೦೦೧ರಲ್ಲಿ, ರೂಪುಗೊಂಡವು. ಅಮೆರಿಕದಲ್ಲಿ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು ೬೫ ವರ್ಷ ಮೀರಿದ ೫,೩೧೭ ಮಂದಿಯನ್ನು ಪರಿಶೀಲಿಸಿ, ಪ್ರಯತ್ನವಿಲ್ಲದೆಯೇ ತೂಕ ಇಳಿಯುವುದು, ಸದಾ ಬಳಲಿಕೆ, ಮುಷ್ಟಿಬಲದ ಕುಂದು, ನಡಿಗೆಯ ಮಾಂದ್ಯ, ದೈಹಿಕ ಚಟುವಟಿಕೆಯ ಅಲ್ಪತೆ ಎಂಬ ಐದು ಲಕ್ಷಣಗಳನ್ನು ಗೊತ್ತುಮಾಡಿದರು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದವರು ದುರ್ಬಲರು, ಒಂದೆರಡು ಇದ್ದವರು ದೌರ್ಬಲ್ಯದ ಹೊಸ್ತಿಲಲ್ಲಿರುವವರು; ಮನೆಗಳಲ್ಲಿ ವಾಸವಾಗಿದ್ದ ಆ ಸಮುದಾಯದಲ್ಲಿ ಶೇಕಡ ೬.೯ ಮಂದಿ ಮೊದಲ ವರ್ಗಕ್ಕೆ ಸೇರಿದರು. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಅರ್ನಾಲ್ಡ್ ಮಿಟ್ನಿಟ್ಸ್ಕಿ ಇವರು ಬೇರೊಂದು ದಾರಿ ಹಿಡಿದು, ರೋಗ, ರೋಗಚಿಹ್ನೆ, ಅಸಾಮರ್ಥ್ಯಗಳನ್ನೆಲ್ಲ ನ್ಯೂನತೆಗಳೆಂದು ಎಣಿಸಿ, ಪರೀಕ್ಷಿಸಿದ ಒಟ್ಟು ಅಂಶಗಳಲ್ಲಿ ರೋಗಿಯಲ್ಲಿ ಕಂಡವೆಷ್ಟು ಎಂಬ ಅನುಪಾತವನ್ನೇ ದೌರ್ಬಲ್ಯದ ಸೂಚ್ಯಂಕವನ್ನಾಗಿ ಮಾಡಿದರು. ಅವರ ಆ ಮೊದಲ ಲೆಕ್ಕದಲ್ಲಿ ೯೨ ಅಂಶಗಳಿದ್ದವು. ಫ್ರೀಡ್ ಅವರ ಮಾರ್ಗ ದೌರ್ಬಲ್ಯವನ್ನು ಒಂದು ವಿಶಿಷ್ಟ ರೂಪವಾಗಿ ನೋಡುತ್ತದೆ. ರಾಕ್‌ವುಡ್ ಅವರದು ಅದನ್ನು ಸಂಚಿತ ನಷ್ಟದ ಮೊತ್ತವಾಗಿ ಕಾಣುತ್ತದೆ.

ಇವೆರಡೂ ಆಸ್ಪತ್ರೆಯ ಹಾಸಿಗೆಯ ಬಳಿಗೆ ಬಂದಾಗ ತೊಡಕುಗಳು ತಲೆದೋರುತ್ತವೆ. ತೊಡೆಯ ಮೂಳೆ ಮುರಿದವಳ ನಡಿಗೆಯ ವೇಗವನ್ನು ಅಳೆಯಲಾಗದು. ಕೈಗೆ ಡ್ರಿಪ್ ಹಾಕಿಸಿಕೊಂಡು ಜ್ವರದಲ್ಲಿ ನಡುಗುತ್ತಿರುವವನ ಮುಷ್ಟಿಬಲ ಅವನ ಸಹಜ ಬಲವನ್ನು ತಿಳಿಸದು. ನ್ಯುಮೋನಿಯಾದ ಬಳಲಿಕೆಯನ್ನು ಬಹುಕಾಲದ ಬಳಲಿಕೆಯಿಂದ ಬೇರ್ಪಡಿಸುವುದು ಸುಲಭವಲ್ಲ. ರಾಕ್‌ವುಡ್ ಅವರ ತಂಡ ೨೦೦೫ರಲ್ಲಿ ಪ್ರಕಟಿಸಿದ, ಆಗ ಏಳು ಮೆಟ್ಟಿಲುಗಳಿದ್ದು ಮುಂದೆ ಒಂಬತ್ತಕ್ಕೆ ವಿಸ್ತೃತವಾದ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಗೆ ಬಂದುದಕ್ಕೆ ಕಾರಣ ಇದೇ: ಕಾಯಿಲೆ ಬೀಳುವುದಕ್ಕೆ ಎರಡು ವಾರ ಮುಂಚೆ ರೋಗಿ ಹೇಗಿದ್ದನೆಂಬುದನ್ನು ಅವನನ್ನೂ ಮನೆಯವರನ್ನೂ ಕೇಳಿ ತಿಳಿದು, ಆ ಸ್ಥಿತಿಗೆ ಅದು ಅಂಕ ಕೊಡುತ್ತದೆ. ಯಾವ ಮಾನದಂಡವನ್ನು ಹಿಡಿದರೂ ಆಸ್ಪತ್ರೆಯ ಜನಸಮೂಹ ಮನೆಯಲ್ಲಿರುವ ಸಮೂಹದಿಂದ ಬಹಳ ಭಿನ್ನವಾದುದೆಂಬುದು ನಿಶ್ಚಿತ. ೪,೬೭,೭೭೯ ವೃದ್ಧ ಒಳರೋಗಿಗಳ ಮಾಹಿತಿಯನ್ನು ಕ್ರೋಡೀಕರಿಸಿ ೨೦೨೨ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ದುರ್ಬಲರ ಪ್ರಮಾಣ ಶೇಕಡ ೪೭ರಷ್ಟಿತ್ತು.

೩. ಜೀವಮಾನದ ಸಂಚಯ

ಮೊದಲ ವರ್ಗದ ಕಾರಣಗಳು ರೋಗಿಯ ಜನ್ಮದಿಂದಲೇ ಆರಂಭವಾಗುತ್ತವೆಂದರೂ ಅತ್ಯುಕ್ತಿಯಲ್ಲ. ಶಾಲೆಯ ಮುಖ ಕಾಣದವರಲ್ಲಿಯೂ, ಬಡವರಲ್ಲಿಯೂ, ಒಂಟಿಯಾಗಿ ಬಾಳುವವರಲ್ಲಿಯೂ ಜರಾದೌರ್ಬಲ್ಯ ಹೆಚ್ಚಾಗಿ ಕಾಣುತ್ತದೆಂಬುದನ್ನು ನಾನಾ ದೇಶಗಳ ಅಧ್ಯಯನಗಳು ತೋರಿಸಿವೆ. ಸ್ತ್ರೀಯರಲ್ಲಿ ಅದು ಪುರುಷರಿಗಿಂತ ಅಧಿಕ; ಆದರೂ ಸಮಾನ ವಯಸ್ಸಿನ, ಸಮಾನ ದೌರ್ಬಲ್ಯದ ಪುರುಷನಿಗಿಂತ ಸ್ತ್ರೀ ಹೆಚ್ಚು ಕಾಲ ಬದುಕುತ್ತಾಳೆ. ಮಧುಮೇಹ, ಹೃದಯ ವೈಫಲ್ಯ, ಮೂತ್ರಪಿಂಡದ ರೋಗ, ಶ್ವಾಸಕೋಶದ ದೀರ್ಘವ್ಯಾಧಿಗಳು ಪ್ರತ್ಯೇಕವಾಗಿಯೂ ಒಟ್ಟಾಗಿಯೂ ಅದನ್ನು ಪೋಷಿಸುತ್ತವೆ. ಇವೆಲ್ಲವೂ ದೇಹದಲ್ಲಿ ಸಂಧಿಸುವ ಸ್ಥಾನ ಮುಖ್ಯವಾಗಿ ಸ್ನಾಯು. ಮುಪ್ಪಿನ ಸ್ನಾಯುಕ್ಷಯಕ್ಕೆ ೧೯೮೯ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಅವರು ಸಾರ್ಕೊಪೀನಿಯಾ ಎಂದು ನಾಮಕರಣ ಮಾಡಿದ ಮೇಲೆ, ಸ್ನಾಯು ಕುಗ್ಗಿದಂತೆ ನಡಿಗೆ ಕುಗ್ಗುವುದು, ನಡಿಗೆ ಕುಗ್ಗಿದಂತೆ ಹಸಿವು ಕುಗ್ಗುವುದು, ಹಸಿವು ಕುಗ್ಗಿದಂತೆ ಸ್ನಾಯು ಮತ್ತಷ್ಟು ಕುಗ್ಗುವುದು ಎಂಬ ಚಕ್ರ ವೈದ್ಯರ ಗಮನಕ್ಕೆ ಸ್ಪಷ್ಟವಾಗಿ ಬಂದಿತು.

ಎರಡನೆಯ ವರ್ಗದ ವಿಚಾರದಲ್ಲಿ ಇಷ್ಟು ಹೇಳಿದರೆ ಸಾಕು: ತೀವ್ರವಾದ ಸೋಂಕು ಅಥವಾ ಶಸ್ತ್ರಕ್ರಿಯೆಯಿಂದ ದೇಹದಲ್ಲಿ ಉರಿಯೂತ ಉದ್ದೀಪನಗೊಂಡು ಸ್ನಾಯುವಿನ ಪ್ರೋಟೀನು ಶೀಘ್ರವಾಗಿ ಕರಗುತ್ತದೆ, ನೋವು, ಉಬ್ಬಸ, ವಾಕರಿಕೆಗಳಿಂದ ಆಹಾರ ಸೇರದೆ, ನಷ್ಟವನ್ನು ಭರಿಸುವ ದ್ರವ್ಯವೂ ದೊರೆಯದೆ ಹೋಗುತ್ತದೆ.

೪. ಆಸ್ಪತ್ರೆ ಕೊಟ್ಟದ್ದು

ಮೂರನೆಯ ವರ್ಗವೇ ವಿಸ್ತಾರವಾದ ಪರಿಶೀಲನೆಯನ್ನು ಬೇಡುತ್ತದೆ. ಅಮೆರಿಕದ ಒಹಾಯೊ ಪ್ರಾಂತ್ಯದ ಎರಡು ಆಸ್ಪತ್ರೆಗಳಲ್ಲಿ ೭೦ ವರ್ಷ ಮೀರಿದ ೨,೨೯೩ ರೋಗಿಗಳನ್ನು ಕುರಿತು ಕೆನೆತ್ ಕೊವಿನ್‌ಸ್ಕಿ ಮತ್ತು ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಆಧಾರಪ್ರಾಯವಾದುದು. ಸ್ನಾನ, ಉಡುಗೆ, ಊಟ, ಶೌಚ, ಹಾಸಿಗೆಯಿಂದೇಳುವುದು ಎಂಬ ನಿತ್ಯಕರ್ಮಗಳಲ್ಲಿ ಒಂದನ್ನಾದರೂ ಕಳೆದುಕೊಂಡು ಹೊರಟವರು ನೂರಕ್ಕೆ ೩೫ ಮಂದಿ. ಅವರಲ್ಲಿ ೨೩ ಮಂದಿ ಆಸ್ಪತ್ರೆ ಸೇರುವ ಮೊದಲೇ ಕಾಯಿಲೆಯಿಂದ ಶಕ್ತಿಗುಂದಿ ಬಂದವರು, ಬಿಡುಗಡೆಯ ವೇಳೆಗೂ ಹಿಂದಿನ ನೆಲೆಗೆ ಮರಳದವರು. ಉಳಿದ ೧೨ ಮಂದಿ ಸೇರುವಾಗ ಎಂದಿನಂತೆಯೇ ಇದ್ದು ಒಳಗಿದ್ದಾಗ ಕುಸಿದವರು.

ಈ ಹನ್ನೆರಡು ಮಂದಿಯ ಪತನಕ್ಕೂ ರೋಗದ ಉಲ್ಬಣವೇ ಕಾರಣವಾಗಿರಬಾರದೇಕೆ ಎಂಬ ಆಕ್ಷೇಪ ಸಹಜವಾದುದು. ಅದಕ್ಕೆ ಸಮಾಧಾನ ರೋಗವೇ ಇಲ್ಲದವರ ಮೇಲಿನ ಪ್ರಯೋಗದಿಂದ ಸಿಕ್ಕಬೇಕು. ಆರೋಗ್ಯವಂತರಾದ ವೃದ್ಧರ ಚಿಕ್ಕದೊಂದು ಗುಂಪನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿದ, ೨೦೦೭ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ, ಅವರ ಕಾಲುಗಳ ಮಾಂಸರಾಶಿ ಸರಾಸರಿ ಒಂದು ಕಿಲೋಗ್ರಾಮಿಗೆ ಸಮೀಪಿಸುವಷ್ಟು ಕಡಿಮೆಯಾಯಿತು. ಜ್ವರವಿಲ್ಲ, ಗಾಯವಿಲ್ಲ, ಉಪವಾಸವಿಲ್ಲ, ಇದ್ದುದು ಹಾಸಿಗೆಯೊಂದೇ. ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಅವರು ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ವಿಷಯವಾಗಿಟ್ಟುಕೊಂಡು ೧೯೪೭ರಷ್ಟು ಹಿಂದೆಯೇ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದಿದ್ದರೆಂಬುದನ್ನು ನೆನೆದಾಗ, ವಿಶ್ರಾಂತಿಯನ್ನು ನಿರಪಾಯವಾದ ಔಷಧವೆಂದು ಬಗೆಯುವ ಅಭ್ಯಾಸ ಎಷ್ಟು ಬೇರೂರಿದ್ದೆಂಬುದು ಅರ್ಥವಾಗುತ್ತದೆ.

ಹಾಸಿಗೆಯೊಡನೆ ಬರುವ ಪರಿವಾರವೂ ಸಣ್ಣದಲ್ಲ. ಅಗತ್ಯ ತೀರಿದ ಮೇಲೂ ಉಳಿಯುವ ಕ್ಯಾಥೆಟರ್ ರೋಗಿಯನ್ನು ಮಂಚಕ್ಕೆ ಕಟ್ಟುತ್ತದೆ. ಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿರಿಸಿ, ಪರೀಕ್ಷೆ ಮುಂದೂಡಿದ ಮೇಲೆ ಮರುದಿನವೂ ಬರಿಹೊಟ್ಟೆಯಲ್ಲಿರಿಸುವುದು ಆಹಾರವನ್ನು ಕಸಿಯುತ್ತದೆ. ರಾತ್ರಿಯ ದೀಪ, ಸದ್ದು, ನಿದ್ರೆಯ ನಡುವೆ ನಡೆಯುವ ರಕ್ತದೊತ್ತಡದ ಪರೀಕ್ಷೆ ನಿದ್ರೆಯನ್ನು ಕೆಡಿಸುತ್ತವೆ. ಕೆಟ್ಟ ನಿದ್ರೆಗೆಂದು ಕೊಟ್ಟ ಮಾತ್ರೆ ಹಗಲಿನ ಹೆಜ್ಜೆಯನ್ನು ತಪ್ಪಿಸುತ್ತದೆ. ವೃದ್ಧರಿಗೆ ಕೊಡಬಾರದ ಔಷಧಗಳ ಪಟ್ಟಿಯೊಂದನ್ನು ಮಾರ್ಕ್ ಬೀರ್ಸ್ ಅವರು ೧೯೯೧ರಲ್ಲಿ ಶುಶ್ರೂಷಾಲಯಗಳ ನಿವಾಸಿಗಳಿಗಾಗಿ ರಚಿಸಿದ್ದು, ಮುಂದೆ ಎಲ್ಲ ವೃದ್ಧರಿಗೂ ಅನ್ವಯವಾಗುವಂತೆ ವಿಸ್ತಾರಗೊಂಡಿತು. ನಿದ್ರಾಜನಕಗಳಿಗೂ ಹಳೆಯ ಬಗೆಯ ಅಲರ್ಜಿಮಾತ್ರೆಗಳಿಗೂ ಅದರಲ್ಲಿ ಸ್ಥಾನವುಂಟು.

ಈ ಕಾರಣಗಳೆಲ್ಲ ಸೇರಿ ತೋರುವ ಅತ್ಯಂತ ಘೋರವಾದ ಪರಿಣಾಮ ಸನ್ನಿ. ಷೆರನ್ ಇನೌಯೆ ಅವರು ಯೇಲ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ೭೦ ವರ್ಷ ಮೀರಿದ ೮೫೨ ರೋಗಿಗಳನ್ನು ಕುರಿತು ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬುದ್ಧಿಮಾಂದ್ಯ, ನಿದ್ರಾಭಂಗ, ಚಲನೆಯಿಲ್ಲದಿರುವುದು, ದೃಷ್ಟಿದೋಷ, ಶ್ರವಣದೋಷ, ನೀರಿನ ಕೊರತೆ ಎಂಬ ಆರು ಕಾರಣಗಳನ್ನು ಆರಿಸಿಕೊಂಡು, ಒಂದೊಂದಕ್ಕೂ ಸರಳವಾದ ಪ್ರತಿವಿಧಾನವನ್ನು ಏರ್ಪಡಿಸಲಾಯಿತು: ದಿನ, ಸ್ಥಳಗಳನ್ನು ನೆನಪಿಸುವುದು, ರಾತ್ರಿ ಬಿಸಿ ಪಾನೀಯ ಕೊಟ್ಟು ಸದ್ದಡಗಿಸುವುದು, ಬೇಗನೆ ನಡೆಸುವುದು, ಕನ್ನಡಕವನ್ನೂ ಶ್ರವಣಸಾಧನವನ್ನೂ ಒದಗಿಸುವುದು, ನೀರು ಕುಡಿಸುವುದು. ಸನ್ನಿಯ ಪ್ರಮಾಣ ಶೇಕಡ ೧೫ರಿಂದ ೯.೯ಕ್ಕೆ ಇಳಿಯಿತು. ರೋಗ ಅದೇ, ವಯಸ್ಸು ಅದೇ. ಬದಲಾದದ್ದು ವಾರ್ಡಿನ ನಡವಳಿಕೆ. ಮೂರನೆಯ ವರ್ಗ ಕೇವಲ ಊಹೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

೫. ಅಳತೆಯ ಸದುಪಯೋಗ, ದುರುಪಯೋಗ

ದೌರ್ಬಲ್ಯವನ್ನು ಅಳೆದ ಮೇಲೆ ಆ ಅಂಕದಿಂದ ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಎರಡು ಉತ್ತರಗಳಿವೆ. ೧೯೩೫ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಶ್ರಯಾಲಯದ ೭೧೪ ರೋಗಿಗಳು ಸೇರಿದಾಗ, ವಾಸಿಯಾಗದವರೆಂದು ಕೈಬಿಟ್ಟಿದ್ದ ಅವರನ್ನು ವೈದ್ಯೆ ಮಾರ್ಜರಿ ವಾರನ್ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ವರ್ಗೀಕರಿಸಿ, ಹಾಸಿಗೆಯಿಂದೆಬ್ಬಿಸಿ ನಡೆಸಿ, ಅನೇಕರನ್ನು ಮನೆಗೆ ಕಳುಹಿಸಿದರು. ವೃದ್ಧಚಿಕಿತ್ಸಾಶಾಸ್ತ್ರದ ಬುನಾದಿ ಅಲ್ಲಿ ಬಿದ್ದಿತು. ಆ ಪದ್ಧತಿಯನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ ಲಾರೆನ್ಸ್ ರೂಬೆನ್‌ಸ್ಟೈನ್ ಅವರ ೧೯೮೪ರ ಕ್ಯಾಲಿಫೋರ್ನಿಯಾ ಪ್ರಯೋಗದಲ್ಲಿ, ವೃದ್ಧರಿಗಾಗಿಯೇ ಇದ್ದ ಘಟಕದಲ್ಲಿ ಸಮಗ್ರ ಪರೀಕ್ಷೆ ಪಡೆದವರಲ್ಲಿ ಒಂದು ವರ್ಷದೊಳಗೆ ಮೃತರಾದವರು ಶೇಕಡ ೨೩.೮, ಇತರರಲ್ಲಿ ೪೮.೩. ಒಂಬತ್ತು ದೇಶಗಳ ೨೯ ಪ್ರಯೋಗಗಳನ್ನು ಕೂಡಿಸಿದ ೨೦೧೭ರ ಕಾಕ್ರೇನ್ ಸಮೀಕ್ಷೆ ಮರಣದಲ್ಲಿ ಅಂಥ ವ್ಯತ್ಯಾಸವನ್ನು ಕಾಣಲಿಲ್ಲವಾದರೂ, ಸಮಗ್ರ ಪರೀಕ್ಷೆ ಪಡೆದವರು ಜೀವಂತರಾಗಿ ಸ್ವಗೃಹದಲ್ಲಿಯೇ ಇರುವ ಸಂಭವ ಹೆಚ್ಚೆಂಬುದನ್ನು ದೃಢಪಡಿಸಿತು.

ಇನ್ನೊಂದು ಉತ್ತರ ಕೋವಿಡ್ ಕಾಲದ್ದು. ೨೦೨೦ರ ಮಾರ್ಚಿನಲ್ಲಿ, ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ ತೀವ್ರನಿಗಾ ಘಟಕದ ನಿರ್ಣಯಗಳಿಗೆ ಫ್ರೇಲ್ಟಿ ಸ್ಕೇಲನ್ನು ಆಧಾರವಾಗಿ ಸೂಚಿಸಿತು. ಮಾನಸಿಕ ಬೆಳವಣಿಗೆಯ ಕುಂದು, ಸೆರೆಬ್ರಲ್ ಪಾಲ್ಸಿಯಂಥ ಸ್ಥಿರವಾದ ನ್ಯೂನತೆಯುಳ್ಳ ಕಿರಿಯರಿಗೂ ಅದೇ ಅಂಕ ಅನ್ವಯವಾಗುವ ಭಯವುಂಟಾಗಿ ಆಕ್ಷೇಪಗಳೆದ್ದಾಗ, ಕೆಲವೇ ದಿನಗಳಲ್ಲಿ ತಿದ್ದುಪಡಿ ಮಾಡಬೇಕಾಯಿತು. ಅಂಕವೊಂದು ಆರೈಕೆಯ ಆರಂಭವಾಗುವುದಕ್ಕೂ ಆರೈಕೆಯ ನಿರಾಕರಣೆಗೆ ನೆಪವಾಗುವುದಕ್ಕೂ ನಡುವಣ ಅಂತರ ಬಹಳ ಕಿರಿದೆಂಬುದನ್ನು ಈ ಪ್ರಸಂಗ ತೋರಿಸಿತು.

೬. ನಮ್ಮ ಆಸ್ಪತ್ರೆಗಳು

ಭಾರತದಲ್ಲಿ ವಿ. ಎಸ್. ನಟರಾಜನ್ ಅವರು ೧೯೭೮ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರ ಚಿಕಿತ್ಸೆಗೆ ಪ್ರತ್ಯೇಕ ಸೇವೆಯನ್ನು ಆರಂಭಿಸಿದರು. ವೃದ್ಧರ ಆರೋಗ್ಯರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ೨೦೧೦-೧೧ರಲ್ಲಿ ಜಾರಿಗೆ ಬಂದಿತು. ಮುಪ್ಪನ್ನು ಕುರಿತ ೨೦೧೭-೧೮ರ ಲಾಸಿ ಸಮೀಕ್ಷೆ ೪೫ ವರ್ಷ ಮೀರಿದ ೭೨,೨೫೦ ಭಾರತೀಯರನ್ನು ಒಳಗೊಂಡು, ಮುಷ್ಟಿಬಲವನ್ನೂ ನಡಿಗೆಯನ್ನೂ ಅಳೆದು, ದೌರ್ಬಲ್ಯದ ವಿಚಾರಕ್ಕೆ ದೇಶೀಯವಾದ ಆಧಾರವನ್ನು ಒದಗಿಸಿದೆ. ಪಾಶ್ಚಾತ್ಯರ ಗಡಿಗೆರೆಗಳು ನಮ್ಮ ದೇಹಪ್ರಮಾಣಕ್ಕೆ ಒಪ್ಪುವುದಿಲ್ಲವಾದುದರಿಂದ, ಏಷ್ಯದ ವಿದ್ವಾಂಸರ ಮಂಡಲಿ ೨೦೧೯ರಲ್ಲಿ ಗೊತ್ತುಪಡಿಸಿದಂತೆ ಪುರುಷರಿಗೆ ೨೮ ಕಿಲೋ, ಸ್ತ್ರೀಯರಿಗೆ ೧೮ ಕಿಲೋಗಿಂತ ಕಡಿಮೆ ಇರುವುದನ್ನು ಮುಷ್ಟಿಬಲದ ಕುಂದೆಂದು ಎಣಿಸುವುದು ಯುಕ್ತ.

ಕರ್ನಾಟಕದ ಆಸ್ಪತ್ರೆಗಳಿಗೆ ಒಂದು ವಿಶೇಷ ಅನುಕೂಲವೂ ಒಂದು ವಿಶೇಷ ತೊಡಕೂ ಇವೆ. ರೋಗಿಯೊಡನೆ ಮನೆಯವರೊಬ್ಬರು ಹಗಲಿರುಳು ಇರುವುದು ಇಲ್ಲಿಯ ವಾಡಿಕೆ. ಇನೌಯೆ ಅವರು ಸ್ವಯಂಸೇವಕರನ್ನು ತರಬೇತುಗೊಳಿಸಿ ಮಾಡಿಸಿದ ಕೆಲಸಕ್ಕೆ ಇಲ್ಲಿ ಮಗಳು, ಸೊಸೆ, ಮೊಮ್ಮಗ ಮಂಚದ ಬದಿಯಲ್ಲಿಯೇ ಸಿದ್ಧರಾಗಿರುತ್ತಾರೆ. ತೊಡಕೇನೆಂದರೆ, ಆ ಮನೆಯವರ ಪ್ರೀತಿ “ಏಳಬೇಡಿ, ಮಲಗಿರಿ” ಎಂಬ ಉಪಚಾರವಾಗಿ ಹರಿಯುತ್ತದೆ. ಪಥ್ಯವೆಂದರೆ ಗಂಜಿ, ಎಳನೀರು, ಬ್ರೆಡ್ಡು ಎಂಬ ತಿಳಿವಳಿಕೆಯಿಂದ ಬೇಳೆ, ಮೊಸರು, ಮೊಟ್ಟೆಗಳು ವಾರಗಟ್ಟಲೆ ದೂರವಾಗುತ್ತವೆ. ಕಳೆದುಹೋದೀತೆಂಬ ಎಚ್ಚರದಿಂದ ಕನ್ನಡಕವನ್ನೂ ಹಲ್ಲಿನ ಸೆಟ್ಟನ್ನೂ ಮನೆಯಲ್ಲಿಯೇ ಇಟ್ಟುಬರುತ್ತಾರೆ. ಬೇರೆಡೆ ಹಣ ಕೊಟ್ಟು ಒದಗಿಸಿಕೊಳ್ಳಬೇಕಾದ ಸಹಾಯ ಇಲ್ಲಿ ಉಚಿತವಾಗಿ ಇದೆ; ಅದಕ್ಕೆ ಬೇಕಾದದ್ದು ದಿನಕ್ಕೆರಡು ಸಲ ಕೊಡುವ ಸ್ಪಷ್ಟವಾದ ಸೂಚನೆ.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಫಲಿಸುವ ಕಾರ್ಯಸೂತ್ರ ಸರಳವಾದುದು. ಪ್ರತಿಯೊಬ್ಬ ವೃದ್ಧರೋಗಿಯ ದಾಖಲೆಯಲ್ಲಿ ನಿತ್ಯಕರ್ಮಗಳ ಸಾಮರ್ಥ್ಯವನ್ನು ಮೂರು ಸಲ ಬರೆಯತಕ್ಕದ್ದು: ಕಾಯಿಲೆಗೆ ಎರಡು ವಾರ ಮುಂಚಿನದು, ಸೇರಿದ ದಿನದ್ದು, ಹೊರಡುವ ದಿನದ್ದು. ಮೊದಲೆರಡರ ನಡುವಣ ವ್ಯತ್ಯಾಸ ರೋಗದ ಬಲವನ್ನು ತಿಳಿಸೀತು. ಕೊನೆಯೆರಡರ ನಡುವಣದು ಆಸ್ಪತ್ರೆಯ ಗುಣವನ್ನು ತಿಳಿಸೀತು. ಜ್ವರ ಇಳಿದುದನ್ನೂ ಗಾಯ ಕೂಡಿದುದನ್ನೂ ಮಾತ್ರ ಬರೆದು ರೋಗಿ ಗುಣವಾದನೆಂದು ಮುಚ್ಚುವ ಕಡತದಲ್ಲಿ ಈ ಎರಡನೆಯ ವ್ಯತ್ಯಾಸಕ್ಕೆ ಸ್ಥಳವೇ ಇಲ್ಲ. ಒಹಾಯೊದ ನೂರರಲ್ಲಿ ಹನ್ನೆರಡು ಮಂದಿ ಲೆಕ್ಕಕ್ಕೆ ಸಿಕ್ಕಿದ್ದು ಯಾರೋ ಅದನ್ನು ಬರೆದಿಟ್ಟುದರಿಂದ. ಬರೆಯದ ಆಸ್ಪತ್ರೆಗಳಲ್ಲಿ ಅಂಥವರ ಕುಸಿತ ಮುಪ್ಪಿನ ಲೆಕ್ಕಕ್ಕೆ ಹೋಗುತ್ತದೆ, ಮುಪ್ಪಿಗೆ ಚಿಕಿತ್ಸೆಯಿಲ್ಲವೆಂಬ ಮಾತಿನಿಂದ ವಿಚಾರಣೆಯೂ ಮುಗಿಯುತ್ತದೆ.