ಎಲ್ಲೆಗಳ ಕಾಡು: ಬಿಳಿಗಿರಿಯ ಸೋಲಿಗರ ಅರಣ್ಯಾಧಿಕಾರದ ಇತಿಹಾಸ

ಬಿಳಿಗಿರಿರಂಗನ ಬೆಟ್ಟದಲ್ಲಿ, ಭಾರ್ಗವಿ ಹೊಳೆಯ ತಡಿಯಲ್ಲಿ, ದೊಡ್ಡಸಂಪಿಗೆಯೆಂಬ ಮಹಾವೃಕ್ಷವೊಂದಿದೆ. ಅದರ ಬುಡದಲ್ಲಿ ನೆಟ್ಟಿರುವ ದುಂಡುಕಲ್ಲುಗಳೇ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ದೈವಗಳು. ಗೋಡೆಯಾಗಲಿ ಗೋಪುರವಾಗಲಿ ಇಲ್ಲದ ಈ ಗುಡಿಯ ಮುಂದೆ ಬರಿಗಾಲಲ್ಲಿ ನಿಲ್ಲುವ ಸೋಲಿಗನಿಗೆ ಕಾಡು ತನ್ನದೆಂಬುದಕ್ಕೆ ಬೇರೆ ಪ್ರಮಾಣ ಬೇಕಿರಲಿಲ್ಲ. ಆ ಪ್ರಮಾಣವನ್ನು ರಾಜ್ಯಶಾಸನವು ಅಂಗೀಕರಿಸುವುದಕ್ಕೆ ಮಾತ್ರ ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು.

ಸೋಲಿಗರ ಭೂಕಲ್ಪನೆಯ ಮೂಲಘಟಕ 'ಎಲ್ಲೆ'. ಒಂದೊಂದು ಕುಲಕ್ಕೂ ತನ್ನ ಎಲ್ಲೆಯುಂಟು. ಅದರೊಳಗೆ ದೇವರು, ಮಾರಮ್ಮ, ವೀರ, ಪಿತೃಗಳ ನೆನಪನ್ನು ಕಾಯುವ ಕಲ್ಲುಗುಡಿ, ನೀರಿನ ನೆಲೆಯಾದ ಅಬ್ಬಿ ಎಂಬ ಪವಿತ್ರಸ್ಥಾನಗಳುಂಟು. ಪೋಡುಗಳೆಂಬ ಸೋಲಿಗರ ಊರುಗಳು ಎಡೆಯಿಂದೆಡೆಗೆ ಸರಿದರೂ ಎಲ್ಲೆ ಸರಿಯದು.

ಈ ವ್ಯವಸ್ಥೆಯ ಮೇಲೆ ಎರಡು ಆಡಳಿತಗಳ ರೇಖೆಗಳು ಬಿದ್ದವು. ಬೆಟ್ಟದ ಯಳಂದೂರಿನ ಭಾಗವು ಮೈಸೂರು ಸಂಸ್ಥಾನಕ್ಕೂ, ಕೊಳ್ಳೇಗಾಲದ ಭಾಗವು 1956ರವರೆಗೆ ಮದ್ರಾಸಿಗೂ ಸೇರಿದ್ದವು. 1882ರ ಮದ್ರಾಸು ಅರಣ್ಯ ಕಾಯಿದೆ ಮತ್ತು 1900ರ ಮೈಸೂರು ಅರಣ್ಯ ನಿಬಂಧನೆಗಳ ದೃಷ್ಟಿಯಲ್ಲಿ ಕಾಡು ಸರ್ಕಾರದ ಸ್ವತ್ತು, ಕಾಡಿನವನು ಅನುಮತಿಯಿಂದ ಇರತಕ್ಕವನು. 1974ರಲ್ಲಿ ವನ್ಯಧಾಮವು ಘೋಷಿತವಾದ ಮೇಲೆ ಕಾಡು ಕಡಿದು ಸುಟ್ಟು ನೆಲ ಬದಲಿಸುತ್ತ ಮಾಡುವ ರಾಗಿಯ ಕುಮರಿ ಬೇಸಾಯ ನಿಂತಿತು, ಪೋಡುಗಳು ಒಂದೆಡೆ ನೆಲೆಗೊಂಡವು. ಬೇಸಗೆಯ ಆರಂಭದಲ್ಲಿ ಒಣಗಿದೆಲೆಗೆ ಮೆಲ್ಲನೆ ಇಡುತ್ತಿದ್ದ 'ತರಗು ಬೆಂಕಿ'ಯೂ ಅಪರಾಧವೆನಿಸಿತು. ಆ ಬೆಂಕಿ ಆರಿದ ತರುವಾಯವೇ ಲಂಟಾನವೆಂಬ ಕಳೆಗಿಡ ಕಾಡನ್ನು ಮುಸುಕಿತೆಂಬುದು ಸೋಲಿಗ ಹಿರಿಯರ ದೃಢವಾದ ಮಾತು.

ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಾದ ತಿದ್ದುಪಡಿಯ ಫಲವಾಗಿ ಜೇನು, ಪಾಚಿ, ನೆಲ್ಲಿಕಾಯಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದೂ ನಿಷಿದ್ಧವಾಯಿತು. ನೆಲ್ಲಿಯ ಮರವನ್ನೇರಿದ ಸೋಲಿಗನು ಕಾಯಿ ಕೀಳುವಾಗಲೇ ಮರದ ರಸ ಹೀರುವ ಬದನಿಕೆಯನ್ನು ಕತ್ತರಿಸಿ ಕೆಡವುತ್ತಿದ್ದನು. ಮೃಗಪಕ್ಷಿಗಳಿಗೂ ಮುಂದಿನ ಸಸಿಗಳಿಗೂ ಒಂದು ಪಾಲು ಬಿಟ್ಟು ಇಳಿಯುತ್ತಿದ್ದನು. ನಿಷೇಧವು ಕಿತ್ತುಕೊಂಡದ್ದು ಅವನ ಕೂಲಿಯನ್ನಷ್ಟೇ ಅಲ್ಲ, ಮರದ ವೈದ್ಯನನ್ನೂ ಹೌದು.

2006ರ ಅರಣ್ಯ ಹಕ್ಕುಗಳ ಕಾಯಿದೆಯು ಪರಂಪರೆಯಿಂದ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ನಿರ್ವಹಿಸುವ ಅಧಿಕಾರವನ್ನು ಗ್ರಾಮಸಭೆಗಳಿಗೆ ಮಾನ್ಯಮಾಡಿತು. ಆದರೆ ಹಕ್ಕನ್ನು ಕೇಳಲು ಸಾಕ್ಷ್ಯ ಬೇಕಷ್ಟೆ? ಆಗ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಕಾಡಿನಲ್ಲಿ ನಡೆದು, ತಮ್ಮ ಪವಿತ್ರಸ್ಥಾನಗಳಲ್ಲಿ 400ಕ್ಕೂ ಮಿಕ್ಕವನ್ನು ನಕ್ಷೆಗಿಳಿಸಿದರು. ಹಿರಿಯರು ಹೆಸರು ಹೇಳಿ ತೋರಿಸಿದ ಕಲ್ಲು, ತೊರೆ, ಮರಗಳು ಕಾಗದದ ಮೇಲೆ ಬಿಂದುಗಳಾದವು. ಬಾಯಿಂದ ಬಾಯಿಗೆ ಬಂದ ಎಲ್ಲೆ ಸರ್ಕಾರವು ಓದಬಲ್ಲ ಲಿಪಿಯನ್ನು ಪಡೆಯಿತು. 2011ರ ಜನವರಿಯಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ ಒಕ್ಕಲೆಬ್ಬಿಸುವ ಭಯ ಕವಿದಿದ್ದರೂ, ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳು ಸಮುದಾಯ ಹಕ್ಕುಪತ್ರಗಳನ್ನು ಪಡೆದವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಮನ್ನಣೆ ದೊರೆತುದು ಭಾರತದಲ್ಲಿ ಅದೇ ಮೊದಲು.

ವನವಾಸಿಗಳಿಗೆ ನೆರವಾಗಬಯಸುವವರಿಗೆ ಈ ಇತಿಹಾಸವು ಒಂದು ಮಾರ್ಗವನ್ನು ಕಾಣಿಸುತ್ತದೆ: ಅವರ ಪರವಾಗಿ ಮಾತನಾಡುವುದಕ್ಕೆ ಮೊದಲು ಅವರ ಹಿಂದೆ ನಡೆಯಬೇಕು, ಅವರು ಹೇಳಿದ ಹೆಸರುಗಳನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಹಕ್ಕುಪತ್ರವು ಕೈಸೇರಿದರೂ ಕಾಡಿನ ನಿರ್ವಹಣೆಯಲ್ಲಿ ಗ್ರಾಮಸಭೆಯ ಮಾತು ನಡೆಯುವತನಕ ಕಾರ್ಯವು ಮುಗಿಯದು. ತರಗು ಬೆಂಕಿಯನ್ನು ಎಂದು ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಸೋಲಿಗ ಹಿರಿಯರು ಮತ್ತೆ ನಿರ್ಧರಿಸುವ ದಿನ ಎಲ್ಲೆಯು ನಕ್ಷೆಯಿಂದ ನೆಲಕ್ಕಿಳಿದೀತು.